ಓದುಗರ ಪ್ರಶ್ನೆ: ಮಾಲ್ಡೀವ್ಸ್‌ನಲ್ಲಿ ಅಷ್ಟೊಂದು ನೋಟು ಮುದ್ರಿಸಿದರೇ?

ಪ್ರಶ್ನೆ: ಮಾಲ್ಡೀವ್ಸ್‌ನಲ್ಲಿ ಜಿಡಿಪಿಗೆ ಹೋಲಿಸಿದಾಗ ಹಣದ ಪೂರೈಕೆ (ಎಂ2, ಅಂದರೆ ಜನರ ಕೈಯಲ್ಲಿರುವ ನಗದು ಮತ್ತು ಬ್ಯಾಂಕ್ ಠೇವಣಿ) 2020ರಲ್ಲಿ ಒಮ್ಮೆಗೇ ಜಿಗಿದಿದೆ. ಅಷ್ಟೊಂದು ನೋಟು ಮುದ್ರಿಸಿದರೇ? ಹಾಗಾದರೆ ಬೆಲೆ ಏಕೆ ಏರಲಿಲ್ಲ?
– ಎಂ.ಕಾಂ. ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಮೊದಲು ಛೇದವನ್ನು, ಅಂದರೆ ಕೆಳಗಿರುವ ಜಿಡಿಪಿಯನ್ನು ನೋಡಿ. ಕೋವಿಡ್‌ನಿಂದಾಗಿ ಮಾರ್ಚ್ ಕೊನೆಯಿಂದ ಜುಲೈ 15ರವರೆಗೆ ಪ್ರವಾಸಿಗರಿಗೆ ಪ್ರವೇಶವಿರಲಿಲ್ಲ. ಆ ವರ್ಷ ಜಿಡಿಪಿ ಸುಮಾರು ಮೂರನೇ ಒಂದು ಭಾಗ ಕುಸಿಯಿತು. ಒಂದು ಮಾದರಿ ಲೆಕ್ಕ: ಹಣ 50, ಜಿಡಿಪಿ 100 ಇದ್ದರೆ ಅನುಪಾತ ಶೇ 50. ಜಿಡಿಪಿ 67ಕ್ಕೆ ಇಳಿದರೆ, ಒಂದೇ ಒಂದು ಹೊಸ ನೋಟು ಬಾರದೆಯೂ ಅದು ಶೇ 75 ಆಗುತ್ತದೆ. ಹಣವೂ 55ಕ್ಕೆ ಏರಿದರೆ ಶೇ 82. ಒಟ್ಟು 32 ಅಂಶದ ಏರಿಕೆಯಲ್ಲಿ 25 ಬಂದದ್ದು ಜಿಡಿಪಿ ಕುಸಿತದಿಂದಲೇ. ಈ ಅನುಪಾತವನ್ನು ಒಂದೇ ವರ್ಷಕ್ಕೆ ಓದುವುದು ಅಪಾಯಕರ ಎನ್ನುವುದು ಇದಕ್ಕೇ.

ಹಣ ಹೆಚ್ಚಿದ್ದೂ ಸುಳ್ಳಲ್ಲ. ಕೇಂದ್ರ ಬ್ಯಾಂಕಾದ ಮಾಲ್ಡೀವ್ಸ್ ಮಾನಿಟರಿ ಅಥಾರಿಟಿಯಿಂದ ಸರ್ಕಾರ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ) ಪಡೆಯಿತು. ಆದರೆ ಅಲ್ಲಿ ಹೆಚ್ಚುವರಿ ರುಫಿಯಾದ (ಅಲ್ಲಿನ ಕರೆನ್ಸಿ) ಒತ್ತಡ ಮೊದಲು ಬೀಳುವುದು ಡಾಲರಿನ ಮೇಲೆ. ಅಕ್ಕಿ, ಡೀಸೆಲ್, ಸಿಮೆಂಟು ಎಲ್ಲವೂ ಹಡಗಿನಲ್ಲೇ ಬರಬೇಕು. ಆಮದುದಾರ ರುಫಿಯಾ ಹಿಡಿದು ಬ್ಯಾಂಕಿಗೆ ಹೋದರೆ ಅಧಿಕೃತ ದರ ಡಾಲರಿಗೆ 15.42. ಬೇಕಾದಷ್ಟು ಡಾಲರ್ ಅಲ್ಲಿ ಸಿಗದಿದ್ದರೆ ಹೊರಗೆ ಹೆಚ್ಚು ಕೊಟ್ಟು ಕೊಳ್ಳುತ್ತಾನೆ. ಇತ್ತ ಅಕ್ಕಿ, ಹಿಟ್ಟು, ಸಕ್ಕರೆಗೆ ಸಬ್ಸಿಡಿ ಇರುವುದರಿಂದ ಆ ಹೊರೆಯೆಲ್ಲ ಬೆಲೆ ಸೂಚ್ಯಂಕಕ್ಕೆ ಬರುವುದಿಲ್ಲ. ಹಾಗಾಗಿ ಹಣದುಬ್ಬರಕ್ಕಿಂತ ವಿದೇಶಿ ವಿನಿಮಯ ಸಂಗ್ರಹವನ್ನೂ ಹೊರಗಿನ ಡಾಲರ್ ದರವನ್ನೂ ಗಮನಿಸಿ. 2024ರ ಅಕ್ಟೋಬರ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯ ಸೌಲಭ್ಯ ಕೊಟ್ಟದ್ದು ಈ ಡಾಲರ್ ಕೊರತೆಗಾಗಿಯೇ.

ಪ್ರಶ್ನೆ: ಈ ಅನುಪಾತವನ್ನು ನಾನೇ ಲೆಕ್ಕ ಹಾಕುವಾಗ ಎಲ್ಲಿ ತಪ್ಪುತ್ತದೆ?
– ಅದೇ ಓದುಗರು

ಉತ್ತರ: ಹೆಚ್ಚಿನವರು ಎಡವುವುದು ಸ್ಥಿರ ಬೆಲೆಯ (ಬೆಲೆ ಏರಿಕೆಯ ಪರಿಣಾಮ ತೆಗೆದ) ಜಿಡಿಪಿ ಹಾಕಿ. ಎಂ2 ಇರುವುದು ಚಾಲ್ತಿ ರುಫಿಯಾದಲ್ಲಿ, ಆದ್ದರಿಂದ ಜಿಡಿಪಿಯೂ ಚಾಲ್ತಿ ಬೆಲೆಯದ್ದೇ ಆಗಬೇಕು. ಹಣ ಡಿಸೆಂಬರ್ 31ರ ಬಾಕಿ, ಜಿಡಿಪಿ ಇಡೀ ವರ್ಷದ ಮೊತ್ತ. ಹಾಗಾಗಿ ಹಿಂದಿನ ಮತ್ತು ಈ ಡಿಸೆಂಬರ್‌ನ ಎಂ2 ಕೂಡಿಸಿ, ಎರಡರಿಂದ ಭಾಗಿಸಿ, ಆ ಸರಾಸರಿಯನ್ನು ಬಳಸಿ. ಎಂ2ನಲ್ಲಿ ಬ್ಯಾಂಕುಗಳಲ್ಲಿರುವ ಡಾಲರ್ ಠೇವಣಿಯೂ ಸೇರಿದೆ. ಅದನ್ನು ಕಳೆದು ಇನ್ನೊಮ್ಮೆ ಲೆಕ್ಕ ಹಾಕಿ, ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದಿಡಿ. ಜನರ ಜೇಬಿನಲ್ಲಿರುವ ಡಾಲರ್ ನೋಟು ಮಾತ್ರ ಯಾವ ಪಟ್ಟಿಗೂ ಸಿಗುವುದಿಲ್ಲ.