ಹಾಲ್‌ಗೆ ದೊಡ್ಡ ತೂಗುದೀಪ ಹಾಕಿಸಿ, ಎದುರು ಗೋಡೆಗೆ ಅದಕ್ಕೊಪ್ಪುವ ಚಿತ್ರಗಳನ್ನು ಹಾಕಬೇಕೆಂದಿದ್ದೇನೆ. ಎಂಥ ದೀಪ ತಗೊಳ್ಳಲಿ?

ಸದ್ಯಕ್ಕೆ ಯಾವುದನ್ನೂ ತಗೋಬೇಡಿ. ಒಳಗೆ ಬಂದವರ ಕಣ್ಣು ಮೊದಲು ದೀಪದ ಮೇಲೇ ಬೀಳಬೇಕು, ಚಿತ್ರಗಳನ್ನು ಆಮೇಲೆ ಹುಡುಕುತ್ತೇನೆ ಅಂತ ಬರೆದಿದ್ದೀರಲ್ಲ, ಓದುತ್ತಿದ್ದರೆ ನನ್ನದೇ ಹಳೇ ಮಾತು ಕೇಳಿದ ಹಾಗಾಯಿತು.

ನಾನು ವೈರಿಂಗ್ ಮಾಡಿಸುವಾಗ ಹಾಲ್‌ನ ನಟ್ಟನಡುವೆ ಒಂದೇ ಪಾಯಿಂಟ್ ಕೊಡಿಸಿದ್ದೆ. ತೂಗುದೀಪ ಆಗಲೇ ಮನೆಗೆ ಬಂದಾಗಿತ್ತು: ಆರು ಕೈ, ಆರು ಬಲ್ಬು, ಒಂದಕ್ಕೂ ಮುಚ್ಚಳವಿಲ್ಲ. ಬಂದವರು ಬಾಗಿಲಲ್ಲೇ ನಿಂತು ತಲೆಯೆತ್ತಿ ನೋಡೋರು, ನನಗೂ ಬೇಕಾಗಿದ್ದದ್ದು ಅದೇ. ಎದುರು ಗೋಡೆಗೆ ಚಿಕ್ಕಮ್ಮ ಬರೆದುಕೊಟ್ಟ ಜಲವರ್ಣದ ಚಿತ್ರ, ಕಾಂಪೌಂಡ್ ಗೋಡೆ ಮೇಲೆ ಹಬ್ಬಿದ ನೇರಳೆ ಬಣ್ಣದ ಕಾಗದದ ಹೂ. ಮೊಳೆ ಹೊಡೆದು, ನಿಂತು ನೋಡಿದೆವು. ಚೆನ್ನಾಗಿತ್ತು. ರಾತ್ರಿ ಸೋಫಾದಲ್ಲಿ ಕೂತರೆ ಹೂವಿನ ಮೇಲರ್ಧದಲ್ಲಿ ಆರು ಬಲ್ಬು ಉರಿಯುತ್ತಿವೆ!

ಯಾಕೆಂದರೆ ಕಟ್ಟು ಹಾಕಿಸಿದ ಚಿತ್ರದ ಗಾಜು ರಾತ್ರಿ ಹೊತ್ತು ಕನ್ನಡಿಯೇ. ದೀಪ ಕೋಣೆಯ ಮಧ್ಯದಲ್ಲಿ, ಕೆಳಗಿಳಿದು ನೇತಾಡುತ್ತಿದೆ. ನಿಂತವರ ಕಣ್ಣಿಗೆ ಅದರ ಬಿಂಬ ಬೀಳಬೇಕಾದ ಜಾಗ ಚೌಕಟ್ಟಿನಿಂದ ಮೇಲೆ, ಬರೀ ಗೋಡೆ ಮೇಲೆ, ಹಾಗಾಗಿ ಏನೂ ಕಾಣುವುದಿಲ್ಲ. ಕೂತರೆ ಕಣ್ಣು ಕೆಳಗಿಳಿಯುತ್ತದೆ, ಬಿಂಬವೂ ಇಳಿದು ಗಾಜಿನೊಳಗೆ ಬಂದು ಕೂರುತ್ತದೆ. ಮನೆಯಲ್ಲಿ ಚಿತ್ರ ನೋಡುವುದು ಕೂತುಕೊಂಡೇ ತಾನೆ?

ಇಷ್ಟಕ್ಕೇ ನಿಂತಿದ್ದರೆ ನಷ್ಟವೇನೂ ಇರಲಿಲ್ಲ. ದೀಪವನ್ನು ಮೇಲೆತ್ತಬಹುದಿತ್ತು, ಬಲ್ಬಿಗೆ ಮುಚ್ಚಳ ಹಾಕಬಹುದಿತ್ತು, ಚಿತ್ರವನ್ನೇ ಪಕ್ಕದ ಗೋಡೆಗೆ ಸಾಗಿಸಬಹುದಿತ್ತು. ನಾನು ಬೆಳಕನ್ನು ಬೆಳಕಿನಿಂದಲೇ ಹೊಡೆಯಲು ಹೊರಟೆ. ಬಿಂಬ ಮಸುಕಾಗಬೇಕಾದರೆ ಚಿತ್ರ ಅದಕ್ಕಿಂತ ಜೋರಾಗಿ ಬೆಳಗಬೇಕು ಎಂದು ಲೆಕ್ಕ ಹಾಕಿ, 50 ವ್ಯಾಟ್‌ನ ಹ್ಯಾಲೊಜೆನ್ ಸ್ಪಾಟ್ ಲೈಟನ್ನು ಚಿತ್ರದ ಮೇಲೇ ತಿರುಗಿಸಿಬಿಟ್ಟೆ. ಸಂಜೆ ದೀಪ ಹಚ್ಚುವಾಗ ಹಾಕಿದರೆ ಮಲಗುವಾಗಲೇ ಆರಿಸುವುದು. ಉಪಾಯ ಫಲಿಸಿತು ಕೂಡ, ಅದೇ ಬಂದ ಕೇಡು. ಕೆಲಸ ಮಾಡದೇ ಇದ್ದಿದ್ದರೆ ಮಾರನೇ ದಿನವೇ ಕಿತ್ತುಹಾಕುತ್ತಿದ್ದೆ.

ಎಷ್ಟೋ ಕಾಲದ ಮೇಲೆ ಗೋಡೆಗೆ ಬಣ್ಣ ಹೊಡೆಸುವಾಗ ಚೌಕಟ್ಟಿನ ಮೂಲೆ ಸಡಿಲವಾಗಿರುವುದು ಕಂಡು ಹೊಸ ಕಟ್ಟು ಹಾಕಿಸಲು ಒಯ್ದೆ. ಅಂಗಡಿಯವರು ಚಿತ್ರದ ಸುತ್ತಲಿನ ಮೌಂಟ್ ಬೋರ್ಡ್ ಎತ್ತಿದರು. ಅದರಡಿಯಲ್ಲಿ ಮುಚ್ಚಿಹೋಗಿದ್ದ ಅಂಚಿನಲ್ಲಿ, ನಾಲ್ಕೂ ಕಡೆ ಬೆರಳಗಲ, ನೇರಳೇಹಣ್ಣು ಹಿಂಡಿದ ಹಾಗೆ ಗಾಢ ಬಣ್ಣ. ಅದರಿಂದೊಳಗೆ ಒಂದೊಂದು ಹೂವೂ ನೀಲಿ. ಒಂದೇ ಹೂವಿನ ಅರ್ಧ ಎಸಳು ನೇರಳೆ, ಅರ್ಧ ಎಸಳು ನೀಲಿ, ನಡುವೆ ಗೆರೆ ಎಳೆದಷ್ಟು ಸ್ಪಷ್ಟ. ದಿನಾ ನೋಡುತ್ತಿದ್ದ ನನಗೆ ಬಣ್ಣ ಹೋಗುತ್ತಿರುವುದು ಗೊತ್ತೇ ಆಗಿರಲಿಲ್ಲ. ಚಿಕ್ಕಮ್ಮನಿಗೆ ತೋರಿಸಿದರೆ, "ನಾನ್ಯಾವಾಗ ನೀಲಿ ಹೂ ಬರೆದಿದ್ದೆನೇ?" ಅಂದರು.

ಅವರು ನೇರಳೆಯನ್ನು ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪಿಗೆ ನೀಲಿ ಬೆರೆಸಿ ಮಾಡಿಕೊಂಡಿದ್ದರು. ಆ ಕೆಂಪು ಬೆಳಕಿಗೆ ಬೇಗ ಹಾರಿಹೋಗುತ್ತದೆ, ನೀಲಿ ಉಳಿಯುತ್ತದೆ. ಚಿತ್ರಕಾರ ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯ ಚಿತ್ರ ಬರೆದಾಗ ಗೋಡೆಗಳದ್ದು ತೆಳು ನೇರಳೆ ಬಣ್ಣ ಎಂದು ತಮ್ಮನಿಗೆ ಪತ್ರದಲ್ಲಿ ತಿಳಿಸಿದ್ದ. ಇವತ್ತು ಆ ಗೋಡೆಗಳು ನೀಲಿಯಾಗಿ ಕಾಣುವುದಕ್ಕೂ ಕೆಂಪು ಮಾಸಿಹೋದದ್ದೇ ಕಾರಣ. ಇದನ್ನು ಹೇಳಿದೆ, ಚಿಕ್ಕಮ್ಮನಿಗೆ ಸಮಾಧಾನವೇನೂ ಆಗಲಿಲ್ಲ.

ಜಲವರ್ಣ, ಕಾಗದ, ಬಟ್ಟೆಯ ಮೇಲಿನ ಕೆಲಸಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್ (ಚಿತ್ರದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಸಾಕೆನ್ನುತ್ತವೆ, ತೈಲವರ್ಣಕ್ಕೆ 200ರ ಆಸುಪಾಸು. ಹತ್ತಿರದಿಂದ ಬಿಟ್ಟ ಕಿರಿದಾದ ಸ್ಪಾಟ್ ಲೈಟ್ ಸಲೀಸಾಗಿ 1000 ಲಕ್ಸ್ ಕೊಡುತ್ತದೆ. ಅಂದರೆ ನನ್ನ ಹಾಲ್‌ನ ಒಂದು ಗಂಟೆ ಅಲ್ಲಿನ 20 ಗಂಟೆಗೆ ಸಮ. ಬೆಳಕಿನ ಪೆಟ್ಟು ಕೂಡುತ್ತಾ ಹೋಗುತ್ತದೆ. ದೀಪ ಆರಿಸಿದರೆ ಹೊಸ ಪೆಟ್ಟು ನಿಲ್ಲುತ್ತದೆಯೇ ಹೊರತು ಹೋದ ಬಣ್ಣ ಬರುವುದಿಲ್ಲ. ಈಗೆಲ್ಲ ಎಲ್‌ಇಡಿ ಅಲ್ಲವೇ ಅನ್ನಬೇಡಿ. ಅದರಲ್ಲಿ ಅತಿನೇರಳೆ ಕಿರಣ ಇಲ್ಲವೆನ್ನುವಷ್ಟು ಕಡಿಮೆ, ಶಾಖವೂ ಕಡಿಮೆ, ನಿಜ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಅತಿನೇರಳೆ ಕಿರಣ ತಡೆಯುವ ಗಾಜು ಬಣ್ಣ ಹೋಗುವುದನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ.

ಈಗ ನಿಮ್ಮ ವಿಷಯ. ಎಲ್ಲರ ಕಣ್ಣು ಸೆಳೆಯುವ ದೀಪ, ನಿಧಾನವಾಗಿ ನೋಡಬೇಕಾದ ಚಿತ್ರ, ಎರಡನ್ನೂ ಎದುರುಬದುರು ಇಡುವ ಆಸೆಯನ್ನೇ ಬಿಡಿ. ಒಂದು ಕೋಣೆಯಲ್ಲಿ ಇಬ್ಬರು ಯಜಮಾನರಿದ್ದರೆ ಕಣ್ಣಿಗೆ ನೆಮ್ಮದಿ ಇರುವುದಿಲ್ಲ. ಹಾಲ್‌ನಲ್ಲಿ ಚಿತ್ರ ಇರಲಿ, ತೂಗುದೀಪ ಊಟದ ಮೇಜಿನ ಮೇಲಕ್ಕೆ ಹೋಗಲಿ. ಅಲ್ಲಿ ಮೇಜಿನಿಂದ 75ರಿಂದ 90 ಸೆಂಟಿಮೀಟರ್ ಮೇಲಿದ್ದರೆ ಎದುರು ಕೂತವರ ಮುಖಕ್ಕೂ ಅಡ್ಡ ಬರುವುದಿಲ್ಲ. ಭಾರ ಹೊರುವ ಕೊಕ್ಕೆ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಖಾತ್ರಿ ಮಾಡಿಕೊಳ್ಳಿ, ಬರೀ ಫಾಲ್ಸ್ ಸೀಲಿಂಗಿಗೆ ಸಿಕ್ಕಿಸಲು ಬಿಡಬೇಡಿ.

ಹಾಲ್‌ನಲ್ಲೂ ಒಂದು ಗತ್ತಿನ ದೀಪ ಬೇಕೇ ಬೇಕೆಂದರೆ ಮೂಲೆಯಲ್ಲಿ ನಿಲ್ಲುವಂಥದ್ದು ನೋಡಿ. ಇಟಲಿಯ ಕಾಸ್ಟಿಲಿಯೋನಿ ಸಹೋದರರು 1962ರಲ್ಲಿ ಮಾಡಿದ ಆರ್ಕೋ ದೀಪದ ಚಿತ್ರವನ್ನಾದರೂ ಹುಡುಕಿ ನೋಡಿ: ಅಮೃತಶಿಲೆಯ ಬುಡ, ಅಲ್ಲಿಂದ ಬಿಲ್ಲಿನಂತೆ ಬಾಗಿ ಬಂದ ಉಕ್ಕಿನ ಕಂಬಿ, ತುದಿಗೆ ದೀಪ. ಸೂರಿಗೆ ತೂತು ಕೊರೆಯದೆ ತಲೆ ಮೇಲೆ ಬೆಳಕು ತರುವ ಉಪಾಯ ಅದು. ಬುಡ ವಿಪರೀತ ಭಾರ, ಅದಕ್ಕೇ ಕಲ್ಲಿನಲ್ಲೊಂದು ತೂತು ಬಿಟ್ಟಿದ್ದಾರೆ. ಪೊರಕೆಯ ಕೋಲು ತೂರಿಸಿ ಇಬ್ಬರು ಆ ಕಡೆ ಈ ಕಡೆ ಹಿಡಿದು ಎತ್ತುವುದಕ್ಕೆ! ಅಂಥದ್ದೇ ಬೇಕೆಂದಲ್ಲ, ಆ ಜಾತಿಯದ್ದು ಸಾಕು.

ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರಕ್ಕಿರಲಿ. ಚಿತ್ರಕ್ಕೆ ಸ್ಪಾಟ್ ಲೈಟ್ ಹಾಕುವುದಾದರೆ ನನ್ನದರಷ್ಟು ಜೋರು ಬೇಡ, ಅದನ್ನು ಸೂರಿನಿಂದ ನೇರ ಕೆಳಕ್ಕಲ್ಲ, 30 ಡಿಗ್ರಿ ಓರೆಯಾಗಿ ಬಿಡಬೇಕು. ಸೂರು ಮೂರು ಮೀಟರ್ ಎತ್ತರವಿದ್ದರೆ ದೀಪ ಗೋಡೆಯಿಂದ 85-90 ಸೆಂಟಿಮೀಟರ್ ದೂರ ಬರುತ್ತದೆ. ಗೋಡೆಗೆ ತೀರ ಹತ್ತಿರವಾದರೆ ಚೌಕಟ್ಟಿನ ನೆರಳು ಚಿತ್ರದ ಮೇಲೆ ಬೀಳುತ್ತದೆ, ದೂರವಾದರೆ ಗಾಜು ಹೊಳೆಯುತ್ತದೆ. ಅದಕ್ಕೆ ಬೇರೆಯೇ ಸ್ವಿಚ್, ಸಾಧ್ಯವಾದರೆ ಬೆಳಕು ತಗ್ಗಿಸುವ ಡಿಮ್ಮರ್ ಕೂಡ. ಹಳೇ ಕಾಲದ ಡಿಮ್ಮರ್ ಇದ್ದರೆ ಬದಲಿಸಿ, ಎಲ್‌ಇಡಿ ಅದರಲ್ಲಿ ಮಿಣುಕುತ್ತದೆ. ಮೊಳೆ ಹೊಡೆಯುವ ಮುಂಚೆ ಒಂದು ರಾತ್ರಿ ಎಲ್ಲ ಆರಿಸಿ, ದೀಪ ಬರುವ ಜಾಗದಲ್ಲಿ ಒಬ್ಬರ ಕೈಗೆ ಟಾರ್ಚ್ ಕೊಡಿ, ಚಿತ್ರದ ಜಾಗದಲ್ಲಿ ಇನ್ನೊಬ್ಬರು ಗಾಜು ಹಾಕಿದ ಫೋಟೋ ಹಿಡಿಯಲಿ, ನೀವು ಸೋಫಾದಲ್ಲಿ ಕೂತು ನೋಡಿ. ನಿಂತಲ್ಲ, ಕೂತು.

ಸೋಫಾದ ಬಣ್ಣಕ್ಕೆ ಹೊಂದುವ ಚಿತ್ರ ಯಾವುದು ಅಂತಲೂ ಕೇಳಿದ್ದೀರಿ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸೋಫಾ ಹಾಳಾದರೆ ಬದಲಾಗುತ್ತದೆ, ಚಿತ್ರವನ್ನೂ ಅದರ ಜೊತೆ ಬದಲಿಸುತ್ತೀರಾ?

ಬಲ್ಬಿನ ಬೆಳಕು ವಾರ್ಮ್ ವೈಟೋ ಬೆಳ್ಳನೆಯದೋ ಎಂದರೆ, ವಾರ್ಮ್ ವೈಟೇ, ಬೆಳಕಿನ ಬಣ್ಣದ ಅಳತೆಯಲ್ಲಿ 2700ರಿಂದ 3000 ಕೆಲ್ವಿನ್. ಅದಕ್ಕಿಂತ ಮುಖ್ಯ ಸಿಆರ್‌ಐ, ಅಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎನ್ನುವ ಅಂಕಿ, 90ಕ್ಕಿಂತ ಹೆಚ್ಚಿರುವುದು. ಆದರೆ ಆ ಅಂಕಿಯನ್ನು ಎಂಟು ತೆಳು ಬಣ್ಣಗಳ ಸರಾಸರಿಯಿಂದ ತೆಗೆಯುತ್ತಾರೆ, ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಕೆಂಪಿನ ಅಳತೆ ಆರ್9 ಎಂದು ಬೇರೆಯೇ ಇದೆ, ಡಬ್ಬಿಯ ಮೇಲೆ ಅದನ್ನು ಬರೆದಿರುವುದು ಅಪರೂಪ. ಅಂಗಡಿಗೆ ಹೋಗುವಾಗ ಗಾಢ ಕೆಂಪು ಬಟ್ಟೆಯೊಂದನ್ನು ಒಯ್ಯಿರಿ. ಬಲ್ಬಿನ ಬೆಳಕಿಗೆ ಹಿಡಿದಾಗ ಅದು ಕಂದು ಬಣ್ಣವಾಗಿ ಕಂಡರೆ ಬೇರೆ ಬಲ್ಬ್ ಕೇಳಿ.