ರೋಗಿಯೇ ಇಲ್ಲದ ಊರಿನಲ್ಲಿ ಪೋಲಿಯೊ ಸಿಕ್ಕರೆ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಲಂಡನ್ನಿನ ಕೊಳಚೆ ನೀರಿನಲ್ಲಿ ಪೋಲಿಯೊ ವೈರಸ್ ಸಿಕ್ಕ ಸಂಗತಿ ಓದಿದೆ. ಕೈಕಾಲು ಸೋತ ಮಗು ಒಂದೂ ಇಲ್ಲದಿರುವಾಗ ಇಡೀ ನಗರದ ಮಕ್ಕಳಿಗೆ ಲಸಿಕೆ ಹಾಕಲು ಹೊರಟದ್ದು ಅತಿಯಾಯಿತಲ್ಲವೇ? ನಮ್ಮ ಹೋಬಳಿಯ ಆರೋಗ್ಯ ಕೇಂದ್ರಕ್ಕೆ ವೈದ್ಯರು ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ಇಂಥ ನಾಡಿನಲ್ಲಿ ರೋಗಿಯನ್ನು ಬಿಟ್ಟು ಚರಂಡಿಯನ್ನು ಪರೀಕ್ಷಿಸುವುದು ಯಾವ ನ್ಯಾಯ? ನಾಳೆ ನಮ್ಮ ಮನೆಯ ಕಕ್ಕಸಿನ ಮೇಲೂ ಕಣ್ಣಿಡುತ್ತಾರೆಯೇ? ಒಳಚರಂಡಿಯೇ ಇಲ್ಲದ ಹಳ್ಳಿಗಳ ಗತಿಯೇನು?" – ಬ್ಯಾಡಗಿ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ಮಾನ್ಯರೇ,

ಕೈಕಾಲು ಸೋತ ಮಗು ಒಂದೂ ಇಲ್ಲ ಎಂಬುದನ್ನು ನೀವು ಸಮಾಧಾನದ ಮಾತಾಗಿ ಬರೆದಿದ್ದೀರಿ. ಪೋಲಿಯೊ ವಿಷಯದಲ್ಲಿ ಅದು ಸಮಾಧಾನ ಕೊಡುವ ಮಾತಲ್ಲ. ಈ ವೈರಸ್ ಹೊಕ್ಕವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಒಂದಿಷ್ಟು ಜ್ವರ, ಗಂಟಲುನೋವು ಬಂದು ಹೋಗುತ್ತದೆ. ಪೋಲಿಯೊ ವೈರಸ್ಸಿನಲ್ಲಿ ಮೂರು ಬಗೆ. ಒಂದನೇ ಬಗೆಯದಾದರೆ ಸುಮಾರು 200 ಸೋಂಕಿತರಲ್ಲಿ ಒಬ್ಬರಿಗೆ ಅಂಗ ಸೋಲುತ್ತದೆ. ಎರಡನೇ ಬಗೆಯದಾದರೆ ಆ ಪ್ರಮಾಣ ಇನ್ನೂ ಕಡಿಮೆ, ಸುಮಾರು 2,000ಕ್ಕೆ ಒಬ್ಬರು. ಉಳಿದವರೆಲ್ಲ ಆಡುತ್ತ, ಶಾಲೆಗೆ ಹೋಗುತ್ತ, ಬಸ್ಸು ಹತ್ತುತ್ತ, ವಾರಗಟ್ಟಲೆ ಮಲದಲ್ಲಿ ವೈರಸ್ಸನ್ನು ಹೊರಹಾಕುತ್ತಿರುತ್ತಾರೆ. ಅವರ ಪೈಕಿ ಯಾರೂ ವೈದ್ಯರ ಮುಂದೆ ಹೋಗಿ ಕೂರುವುದಿಲ್ಲ, ಹೋಗಬೇಕಾದ ಕಾರಣವೂ ಅವರಿಗಿರುವುದಿಲ್ಲ. ಮೊದಲ ಮಗು ಆಸ್ಪತ್ರೆಗೆ ಬರುವ ತನಕ ಕಾಯುತ್ತೇವೆ ಎಂದರೆ ಒಂದು ಮಗುವಿನ ಕಾಲನ್ನು ನಾವೇ ಗಡುವಾಗಿ ಇಟ್ಟುಕೊಂಡಂತೆ. ಆ ಗಡುವು ನನಗೆ ಒಪ್ಪಿಗೆಯಿಲ್ಲ.

ಲಂಡನ್ನಿನಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕಳೆದ ಸಂಚಿಕೆಯಲ್ಲಿ ಅದಕ್ಕೆ ಜಾಗ ಸಾಲಲಿಲ್ಲ. ನಗರದ ಪೂರ್ವಕ್ಕೆ ಬೆಕ್ಟನ್ ಎಂಬಲ್ಲಿ ದೊಡ್ಡ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಸುಮಾರು 40 ಲಕ್ಷ ಜನರ ಮನೆಯ ಹೊಲಸು ಅಲ್ಲಿಗೆ ಬರುತ್ತದೆ. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುತ್ತದೆ; ಅದನ್ನು ಬ್ರಿಟನ್ 2004ರಲ್ಲೇ ನಿಲ್ಲಿಸಿದೆ. ಆದರೂ ಬೇರೆ ದೇಶಗಳಲ್ಲಿ ಹನಿ ಹಾಕಿಸಿಕೊಂಡು ಬಂದವರಿಂದ ಲಸಿಕೆಯ ವೈರಸ್ ಅಲ್ಲಿನ ಮಾದರಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಂಡು ಮಾಯವಾಗುತ್ತಿತ್ತು. ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. 2022ರ ಫೆಬ್ರವರಿಯಿಂದ ಜೂನ್‌ವರೆಗಿನ ಮಾದರಿಗಳಲ್ಲಿ ಮಾತ್ರ ಅದು ಮಾಯವಾಗಲಿಲ್ಲ. ಒಂದರ ಹಿಂದೊಂದು ಮಾದರಿಯಲ್ಲಿ ಪರಸ್ಪರ ನಂಟಿರುವ ಎರಡನೇ ಬಗೆಯ ವೈರಸ್ ಸಿಕ್ಕಿತು, ಅದರ ತಳಿ ಬರಹ (ಜೀನುಗಳ ಅಕ್ಷರಸಾಲು) ಬದಲಾಗುತ್ತಲೂ ಇತ್ತು. ವೈರಸ್ ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ ಎಂಬುದಕ್ಕೆ ಅದೇ ಗುರುತು. ಆಮೇಲೆ ಘಟಕದ ಬಾಗಿಲು ಬಿಟ್ಟು, ಕೊಳವೆಜಾಲದಲ್ಲಿ ಮೇಲಮೇಲಕ್ಕೆ ಹೋಗಿ ಮಾದರಿ ತೆಗೆದರು. ಉತ್ತರ ಮತ್ತು ಪೂರ್ವ ಲಂಡನ್ನಿನ ಯಾವ ಯಾವ ಭಾಗಗಳಿಂದ ಬರುತ್ತಿದೆ ಎಂದು ತಿಳಿಯಿತು. ಆಗಸ್ಟಿನಲ್ಲಿ 1ರಿಂದ 9 ವರ್ಷದ ಮಕ್ಕಳಿಗೆಲ್ಲ ಹೆಚ್ಚುವರಿ ಲಸಿಕೆ ಕೊಡಲು ನಿರ್ಧಾರವಾಯಿತು. ಲಂಡನ್ನಿನಲ್ಲಿ ಒಂದು ಮಗುವಿಗೂ ಅಂಗ ಸೋಲಲಿಲ್ಲ.

ಅದೇ ಬೇಸಿಗೆಯಲ್ಲಿ ಅದಕ್ಕೆ ನಂಟಿರುವ ವೈರಸ್ ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಕೌಂಟಿಯಲ್ಲೂ ಇತ್ತು. ಅಲ್ಲಿ ಅದು ಗೊತ್ತಾದದ್ದು ಲಸಿಕೆ ಹಾಕಿಸಿಕೊಳ್ಳದ ಯುವಕನೊಬ್ಬನ ಕಾಲು ಸೋತ ಮೇಲೆ. ಕೋವಿಡ್ ಪರೀಕ್ಷೆಗೆಂದು ತೆಗೆದಿಟ್ಟಿದ್ದ ಹಳೆಯ ಕೊಳಚೆ ಮಾದರಿಗಳನ್ನು ಆಮೇಲೆ ನೋಡಿದರೆ, ಆತನ ಕಾಯಿಲೆ ಪತ್ತೆಯಾಗುವುದಕ್ಕೆ ಮೊದಲಿನ ಮಾದರಿಗಳಲ್ಲೂ ವೈರಸ್ ಇತ್ತು. ಮಾದರಿ ಕೈಯಲ್ಲಿತ್ತು, ಅದರಲ್ಲಿ ಪೋಲಿಯೊ ಹುಡುಕುವ ಕೆಲಸ ಮಾತ್ರ ನಡೆದಿರಲಿಲ್ಲ.

ಇದೆಲ್ಲ ಶ್ರೀಮಂತ ದೇಶಗಳ ಮಾತು ಎನ್ನಬೇಡಿ. ಮುಂಬೈಯಲ್ಲಿ 2001ರಿಂದಲೇ ಪೋಲಿಯೊಗಾಗಿ ಕೊಳಚೆ ನೀರಿನ ಪರೀಕ್ಷೆ ನಡೆಯುತ್ತಿದೆ. ದೇಶದ ಕೊನೆಯ ಕಾಡು ಪೋಲಿಯೊ (ಲಸಿಕೆಯಿಂದ ಬಂದದ್ದಲ್ಲದ, ಮೂಲ ವೈರಸ್ಸಿನ) ರೋಗಿ 2011ರ ಜನವರಿಯಲ್ಲಿ ಹಾವಡಾದಲ್ಲಿ ಸಿಕ್ಕ ಹೆಣ್ಣುಮಗು. ಆದರೆ ಆಮೇಲೆ ರೋಗಿ ಸಿಗಲಿಲ್ಲ ಎಂಬ ಒಂದೇ ಆಧಾರದಿಂದ 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬರಲಿಲ್ಲ. ಚರಂಡಿಗಳಲ್ಲೂ ಆ ವೈರಸ್ ಇಲ್ಲವೆಂದು ತೋರಿಸಬೇಕಿತ್ತು. ಇನ್ನೂ ಹತ್ತಿರದ ಉದಾಹರಣೆ ಹೈದರಾಬಾದ್. ಎರಡನೇ ಬಗೆಯ ವೈರಸ್ ಇರುವ ಹನಿಯನ್ನು ಭಾರತ 2016ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಜೂನ್ ಹೊತ್ತಿಗೆ ಆ ನಗರದ ಕೊಳಚೆ ಮಾದರಿಯಲ್ಲಿ ಲಸಿಕೆಯಿಂದ ಮಾರ್ಪಟ್ಟ ಎರಡನೇ ಬಗೆಯ ವೈರಸ್ ಸಿಕ್ಕಿತು. ರೋಗಿ ಯಾರೂ ಇರಲಿಲ್ಲ. ಒಂದೇ ವಾರದ ಅಭಿಯಾನದಲ್ಲಿ ಸುಮಾರು 3 ಲಕ್ಷ ಮಕ್ಕಳಿಗೆ ಚುಚ್ಚುಮದ್ದಿನ ಲಸಿಕೆ ಹಾಕಿದರು. ಲಂಡನ್ನಿಗೆ ಆರು ವರ್ಷ ಮೊದಲು ನಮ್ಮ ನೆರೆಯವರೇ ಈ ಕೆಲಸ ಮಾಡಿ ತೋರಿಸಿದ್ದಾರೆ.

ಈ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನೂ ಹೇಳಬೇಕು. ಪೋಲಿಯೊಗಾದರೆ ಬೆಳಗಿನ ಹೊತ್ತು, ಮನೆಮನೆಯ ನೀರು ಜೋರಾಗಿ ಹರಿಯುವಾಗ, ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಒಂದು ಲೀಟರಿನಷ್ಟು ಕೊಳಚೆ ಎತ್ತಿ, ಬಾಟಲಿಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಅಲ್ಲಿ ಅದನ್ನು ಸಾಂದ್ರಗೊಳಿಸಿ, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಹಾಕಿ ದಿನಗಟ್ಟಲೆ ಕಾಯುತ್ತಾರೆ. ಜೀವಕೋಶಗಳು ದುಂಡಗಾಗಿ ಸಾಯತೊಡಗಿದರೆ ಮುಂದಿನ ಪರೀಕ್ಷೆ. ಕೋವಿಡ್‌ಗಾದರೆ ಆರ್‌ಟಿ-ಪಿಸಿಆರ್, ನೀವು ಮೂಗಿಗೆ ಕಡ್ಡಿ ಹಾಕಿಸಿಕೊಂಡಿದ್ದಿರಲ್ಲ, ಅದೇ. ಬಕೆಟ್ಟು ಎತ್ತುವ ಕೈಗೆ ಗಟ್ಟಿ ಗ್ಲೌಸು, ಕಾಲಿಗೆ ಬೂಟು, ಹೊತ್ತಿಗೆ ಸರಿಯಾಗಿ ಸಂಬಳ ಇರಬೇಕು. ಪ್ರಯೋಗಾಲಯದ ಯಂತ್ರಕ್ಕೆ ಕೋಟಿ ಸುರಿದು ಆ ಕೈಯನ್ನು ಬರಿಗೈ ಬಿಡುವುದನ್ನು ನಾನು ಒಪ್ಪಲಾರೆ.

ಇನ್ನೊಂದು ತೊಡಕಿದೆ. ಮಳೆ ಬಂದ ದಿನ ಕೊಳಚೆ ತೆಳುವಾಗುತ್ತದೆ, ವೈರಸ್ ಕಡಿಮೆಯಾದಂತೆ ತೋರುತ್ತದೆ. ಇದನ್ನು ಸರಿದೂಗಿಸಲು ವಿಜ್ಞಾನಿಗಳು ಬಳಸುವ ಒಂದು ಅಳತೆ ಬ್ಯಾಡಗಿ ಸೀಮೆಯವರಾದ ನಿಮಗೆ ಇಷ್ಟವಾದೀತು. ಮೆಣಸಿನಗಿಡಕ್ಕೆ ತಗಲುವ ಒಂದು ವೈರಸ್ಸಿದೆ. ಮನುಷ್ಯನಿಗೆ ಅದರಿಂದ ಕೇಡಿಲ್ಲ. ನಾವು ತಿಂದ ಮೆಣಸಿನಕಾಯಿ, ಖಾರದ ಪುಡಿ, ಸಾಸಿನ ಜೊತೆ ಹೊಟ್ಟೆಗೆ ಹೋಗಿ ಹಾಗೆಯೇ ಹೊರಬರುತ್ತದೆ. ಜಗತ್ತಿನ ಎಷ್ಟೋ ಕಡೆ ಮನುಷ್ಯರ ಮಲದಲ್ಲಿ ಅದು ಹೇರಳವಾಗಿ ಇರುವುದರಿಂದ, ಮಾದರಿಯಲ್ಲಿ ಮಲದ ಪಾಲು ಎಷ್ಟು, ಮಳೆನೀರು ಎಷ್ಟು ಎಂದು ಅಂದಾಜು ಮಾಡಲು ಅದು ನೆರವಾಗುತ್ತದೆ.

ಈಗ ನಿಮ್ಮ ಪತ್ರದ ಗಟ್ಟಿ ಪ್ರಶ್ನೆ: ರೋಗಿಯನ್ನು ಬಿಟ್ಟು ಚರಂಡಿಯೇ? ರೋಗಿಯನ್ನು ಬಿಟ್ಟರೆ ಚರಂಡಿಯ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. 2020ರಲ್ಲಿ ಮ್ಯೂನಿಕ್‌ನ 9 ಕೋವಿಡ್ ರೋಗಿಗಳನ್ನು ದಿನದಿನವೂ ಪರೀಕ್ಷಿಸಿದ ವೈದ್ಯರಿಗೆ ಎರಡು ಸಂಗತಿ ಕಂಡಿತು. ಗುಣಮುಖರಾದ ಮೇಲೂ ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ತಳಿ ವಸ್ತು, ಸಿಗುತ್ತಿತ್ತು. ಆದರೆ ಆ ಮಲದಿಂದ ಜೀವಂತ ವೈರಸ್ಸನ್ನು ಬೆಳೆಸಲು ಆಗಲಿಲ್ಲ. ಇಂಥ ಅಧ್ಯಯನವಿಲ್ಲದೆ ಕೊಳಚೆಯ ಅಂಕಿ ಹಿಡಿದು ಇಂದು ಇಷ್ಟು ಜನ ಕಾಯಿಲೆ ಬಿದ್ದಿದ್ದಾರೆ ಎಂದು ಹೇಳಿದರೆ ಅದು ಬರೀ ಊಹೆ. ಏರುತ್ತಿದೆಯೇ, ಇಳಿಯುತ್ತಿದೆಯೇ ಎಂಬುದನ್ನು ಕೊಳಚೆ ಚೆನ್ನಾಗಿ ಹೇಳುತ್ತದೆ. ತಲೆ ಎಣಿಸುವ ಕೆಲಸವನ್ನು ಅದಕ್ಕೆ ಹೊರಿಸಬಾರದು.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಅಧ್ಯಯನ. ಅದು ಅರ್ಥವಾಗಲು ಮೊದಲು ಇಸ್ರೇಲಿನ ಸಂಗತಿ ಹೇಳಬೇಕು. ಇಸ್ರೇಲ್ 2005ರಲ್ಲಿ ಹನಿ ನಿಲ್ಲಿಸಿ ಚುಚ್ಚುಮದ್ದಿಗೆ ಮಾತ್ರ ತಿರುಗಿತು. 2013ರಲ್ಲಿ ಅಲ್ಲಿನ ರಾಹತ್ ಪಟ್ಟಣದ ಕೊಳಚೆಯಲ್ಲಿ ಕಾಡು ಪೋಲಿಯೊ ಸಿಕ್ಕಿತು, ಅಲ್ಲೂ ರೋಗಿಗಳಿಲ್ಲ. ಚುಚ್ಚುಮದ್ದು ಮಕ್ಕಳ ಕಾಲನ್ನು ಕಾಪಾಡುತ್ತಿತ್ತು, ಕರುಳಿನಲ್ಲಿ ವೈರಸ್ ಬೆಳೆಯುವುದನ್ನು ಅಷ್ಟಾಗಿ ತಡೆಯುತ್ತಿರಲಿಲ್ಲ. ಹಾಗಾದರೆ ಹನಿ ಹಾಕಿಸಿಕೊಂಡ ಮಗುವಿಗೆ ಮೇಲೊಂದು ಚುಚ್ಚುಮದ್ದು ಕೊಟ್ಟರೆ ಏನಾಗುತ್ತದೆ? ವೆಲ್ಲೂರಿನವರು 1ರಿಂದ 4 ವರ್ಷದ 450 ಮಕ್ಕಳಲ್ಲಿ ಇದನ್ನು ನೋಡಿದರು. ಅರ್ಧದಷ್ಟು ಮಕ್ಕಳಿಗೆ ಚುಚ್ಚುಮದ್ದು ಕೊಟ್ಟು, ನಾಲ್ಕು ವಾರದ ಮೇಲೆ ಎಲ್ಲರಿಗೂ ಹನಿ ಹಾಕಿ, ಏಳನೇ ದಿನ ಮಲ ಪರೀಕ್ಷಿಸಿದರು. ಚುಚ್ಚುಮದ್ದು ಪಡೆದವರಲ್ಲಿ ವೈರಸ್ ಹೊರಹಾಕಿದ ಮಕ್ಕಳ ಸಂಖ್ಯೆ ಸ್ಪಷ್ಟವಾಗಿ ಕಡಿಮೆಯಿತ್ತು. ಕೊಳಚೆಯಲ್ಲಿ ವೈರಸ್ ಕಂಡಾಗ ಯಾವ ಲಸಿಕೆ, ಯಾರಿಗೆ ಎಂದು ತೀರ್ಮಾನಿಸಲು ಬೇಕಾದ ಜ್ಞಾನ ಇಂಥ ಅಧ್ಯಯನಗಳಿಂದ ಬರುತ್ತದೆ. ಅದಕ್ಕಾಗಿ ತಮ್ಮ ಮಕ್ಕಳನ್ನು ಕರೆತಂದ ತಾಯಂದಿರಿಗೆ ನಾವು ಋಣಿಗಳು.

ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲ ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಚರಂಡಿಯ ಪರೀಕ್ಷೆ ಆ ಕೊರತೆಗೆ ಪರಿಹಾರವಲ್ಲ, ನೆಪವಂತೂ ಆಗಕೂಡದು. ವೈರಸ್ ಸಿಕ್ಕಿತು ಎಂದು ವರದಿ ಬಂದ ದಿನ ಮನೆಮನೆಗೆ ಹೋಗಿ ಲಸಿಕೆ ಹಾಕುವವರು ನಿಮ್ಮ ಕೇಂದ್ರದ ನರ್ಸಮ್ಮ ಮತ್ತು ಆಶಾ ಕಾರ್ಯಕರ್ತೆಯರು. ಅವರಿಲ್ಲದಿದ್ದರೆ ವರದಿ ಕಡತದಲ್ಲೇ ಉಳಿಯುತ್ತದೆ. ಹೀಗಿದ್ದರೂ ಒಂದು ಮಾತು ಯೋಚಿಸಿ. ಒಬ್ಬೊಬ್ಬರ ಪರೀಕ್ಷೆ ಮಾಡಿದಾಗ ಲೆಕ್ಕಕ್ಕೆ ಸಿಗುವುದು ಆಸ್ಪತ್ರೆಯ ತನಕ ಹೋಗಬಲ್ಲವರು, ದಿನದ ಕೂಲಿ ಬಿಡಬಲ್ಲವರು. ಕೋವಿಡ್ ಕಾಲದಲ್ಲಿ ಬೆಂಗಳೂರಿನ 28 ಶುದ್ಧೀಕರಣ ಘಟಕಗಳಿಂದ ಮಾದರಿ ತಂದು ನಗರದ ವಿಜ್ಞಾನಿಗಳು ಡೆಲ್ಟಾ ತಗ್ಗಿ ಒಮೈಕ್ರಾನ್ ಮೇಲೆದ್ದದ್ದನ್ನು ಗುರುತಿಸಿದರು. ಆ ಕೊಳವೆಗಳಲ್ಲಿ ಪರೀಕ್ಷೆಗೆ ಹೋಗದವರ ಸೋಂಕೂ ಹರಿದು ಬಂದಿತ್ತು.

ಕಕ್ಕಸಿನ ಮೇಲೆ ಕಣ್ಣಿಡುವ ಭಯದ ಬಗ್ಗೆ: ಲಕ್ಷಾಂತರ ಜನರ ಕೊಳಚೆಯಲ್ಲಿ ನಿಮ್ಮನ್ನಾಗಲಿ ನನ್ನನ್ನಾಗಲಿ ಗುರುತಿಸಲು ಬರುವುದಿಲ್ಲ. ಕೊಳವೆ ಸಣ್ಣದಾದಷ್ಟೂ ಮಾತು ಬೇರೆಯಾಗುತ್ತದೆ. 2020ರ ಆಗಸ್ಟಿನಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯವು ಒಂದೇ ವಿದ್ಯಾರ್ಥಿನಿಲಯದ ಕೊಳವೆಯಲ್ಲಿ ಕೊರೊನಾ ವೈರಸ್ ಕಂಡು, ಅಲ್ಲಿನ 311 ಜನರನ್ನು ಪರೀಕ್ಷಿಸಿ, ಯಾವ ಲಕ್ಷಣವೂ ಇಲ್ಲದ ಇಬ್ಬರನ್ನು ಪತ್ತೆ ಮಾಡಿತು. ಒಳ್ಳೆಯ ಕೆಲಸವೇ, ಆ ಇಬ್ಬರಿಂದ ಹರಡುವುದು ನಿಂತಿತು. ಆದರೆ ಅದೇ ವಿಧಾನವನ್ನು ಒಂದು ಕೇರಿಗೆ, ಒಂದು ಕೊಳೆಗೇರಿಗೆ ಹಚ್ಚಿ ಹೆಸರು ಹೊರಗೆ ಹಾಕಿದರೆ ಅಲ್ಲಿನವರಿಗೆ ಕೆಲಸ ಸಿಗುವುದಿಲ್ಲ, ಬಾಡಿಗೆ ಮನೆ ಸಿಗುವುದಿಲ್ಲ. ಮಾದರಿ ಎಲ್ಲಿಂದ ತೆಗೆಯಬಹುದು, ಫಲಿತಾಂಶವನ್ನು ಯಾರಿಗೆ ಹೇಳಬಹುದು, ಪೊಲೀಸರ ಕೈಗೆ ಅದು ಹೋಗಬಾರದು ಎಂಬುದನ್ನೆಲ್ಲ ಬರಹದಲ್ಲಿ ನಿಯಮ ಮಾಡಿಯೇ ಮುಂದುವರಿಯಬೇಕು. ಈ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ.

ಕೊನೆಯದಾಗಿ ಒಳಚರಂಡಿ ಇಲ್ಲದ ಊರು. ಗುಂಡಿ ಕಕ್ಕಸಿನ ಮನೆಗಳ ಸುದ್ದಿ ಯಾವ ಘಟಕಕ್ಕೂ ತಲುಪುವುದಿಲ್ಲ. ಈ ವಿಧಾನದ ದೊಡ್ಡ ಕುಂದು ಅದೇ. ಆದರೂ ದಾರಿಯಿಲ್ಲ ಎನ್ನುವಂತಿಲ್ಲ. ಒಳಚರಂಡಿ ಇಲ್ಲದ ಪಾಕಿಸ್ತಾನ, ನೈಜೀರಿಯಾದ ಎಷ್ಟೋ ಬಡಾವಣೆಗಳಲ್ಲಿ ಪೋಲಿಯೊ ಕಾರ್ಯಕರ್ತರು ತೆರೆದ ಕಾಲುವೆಗಳಿಂದಲೇ ವರ್ಷಗಳಿಂದ ಮಾದರಿ ಎತ್ತುತ್ತಿದ್ದಾರೆ. ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಯ ಹೊರಕೊಳವೆ, ಬಸ್ ನಿಲ್ದಾಣದ ಶೌಚಾಲಯ, ಮಾರುಕಟ್ಟೆಯ ಕಾಲುವೆ, ಗುಂಡಿ ಖಾಲಿ ಮಾಡುವ ಟ್ಯಾಂಕರ್ ಎಲ್ಲ ಇವೆ. ನಿಮ್ಮ ಮೆಣಸಿನಕಾಯಿ ಮಾರುಕಟ್ಟೆಗೆ ಹಂಗಾಮಿನಲ್ಲಿ ಎಷ್ಟು ಊರಿನ ರೈತರು, ಹಮಾಲರು, ಲಾರಿಯವರು ಬಂದು ಹೋಗುತ್ತಾರೆ ಎಂಬುದು ನನಗಿಂತ ನಿಮಗೆ ಗೊತ್ತು. ಅಲ್ಲೊಂದು ಕಡೆ ವಾರಕ್ಕೊಮ್ಮೆ ಮಾದರಿ ತೆಗೆಯಲು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮನವಿ ಬರೆಯಿರಿ, ಆರೋಗ್ಯ ಕೇಂದ್ರಕ್ಕೆ ವೈದ್ಯರು ಬೇಕೆಂಬುದನ್ನೂ ಅದೇ ಮನವಿಯಲ್ಲಿ ಸೇರಿಸಿ. ಒಂದು ಪ್ರತಿ ನಮಗೆ ಕಳುಹಿಸಿದರೆ ಪ್ರಕಟಿಸುತ್ತೇವೆ, ಅವರ ಉತ್ತರ ಬಂದರೆ ಅದನ್ನೂ ಪ್ರಕಟಿಸುತ್ತೇವೆ.

– ಸಂಪಾದಕ