ಕುದುರೆ ಮೇಲಿನ ಬೋಧಕರ ಸಂಬಳ, ವರ್ಗಾವಣೆ

ಪ್ರಶ್ನೆ: 1846ರ ಅಮೆರಿಕದ ಕಾಂಗ್ರೆಸ್ (ಸಂಸತ್ತು) ಚುನಾವಣೆಯಲ್ಲಿ ಅಬ್ರಹಾಂ ಲಿಂಕನ್ನರ ಎದುರು ಸೋತ ಪೀಟರ್ ಕಾರ್ಟ್‌ರೈಟ್ ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಪಂಥದ ಬೋಧಕರಂತೆ. ಆ ಕಾಲದ ಬೋಧಕರು ವರ್ಷ ಎರಡು ವರ್ಷಕ್ಕೆ ಜಾಗ ಬದಲಿಸುತ್ತಿದ್ದುದೇಕೆ? ಜನರೊಂದಿಗೆ ಜಗಳವೇ? ಸಂಬಳವೆಷ್ಟು?
– ಓದುಗರೊಬ್ಬರು, ತುಮಕೂರು

ಉತ್ತರ: ಜಗಳವಲ್ಲ, ನಿಯಮ. ಬೋಧಕರನ್ನು ಒಂದೇ ಕಡೆ ಸತತ ಎರಡು ವರ್ಷಕ್ಕಿಂತ ಹೆಚ್ಚು ಇಡಕೂಡದೆಂದು ಅಮೆರಿಕದ ಮೆಥಡಿಸ್ಟ್ ಸಭೆ 1804ರಲ್ಲಿ ನಿಗದಿ ಮಾಡಿತು. 1864ರಲ್ಲಿ ಅದು ಮೂರು ವರ್ಷವಾಯಿತು. ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ ಪಟ್ಟಿ ಓದುತ್ತಿದ್ದರು, ಹೆಸರು ಬಿದ್ದ ಕಡೆಗೆ ಹೊರಡಬೇಕು.

ಹಾಗೆ ಸಿಗುತ್ತಿದ್ದುದು ಒಂದು ಊರಲ್ಲ, ಒಂದು ಸರ್ಕ್ಯೂಟ್: ಕಾಡಂಚಿನಲ್ಲಿ ಚದುರಿದ ಇಪ್ಪತ್ತು ಮೂವತ್ತು ಜಾಗ, ಬಹುಪಾಲು ಯಾರದೋ ಮರದ ದಿಮ್ಮಿಯ ಮನೆ. ಕುದುರೆಯ ಮೇಲೆ ಒಂದು ಸುತ್ತು ಮುಗಿಸಲು ನಾಲ್ಕರಿಂದ ಆರು ವಾರ. ಹೊಳೆ ತುಂಬಿಯೋ ಕುದುರೆ ಕುಂಟಿಯೋ ಒಂದು ದಿನ ತಪ್ಪಿದರೆ ಆ ಮನೆಯವರು ಮುಂದಿನ ಸುತ್ತಿಗೇ ಕಾಯಬೇಕು. ಅಲ್ಲಿಯವರೆಗೆ ಸಭೆಯನ್ನು ಹಿಡಿದಿಟ್ಟವರು ಕ್ಲಾಸ್ ಲೀಡರ್. ಆತ ಸ್ಥಳೀಯನೇ, ಹನ್ನೆರಡು ಜನರ ಆಸುಪಾಸಿನ ಗುಂಪನ್ನು ವಾರವಾರ ಸೇರಿಸಿ ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದ. ಬೋಧಕರನ್ನು ಅಷ್ಟು ಸಲೀಸಾಗಿ ಎತ್ತಿ ಬೇರೆಡೆ ಹಾಕಲು ಆದದ್ದು ಈ ವ್ಯವಸ್ಥೆಯಿಂದಲೇ.

ಸಂಬಳ 1800ರ ನಿಯಮದಂತೆ ವರ್ಷಕ್ಕೆ 80 ಡಾಲರ್, ಮೇಲೆ ಪ್ರಯಾಣದ ಖರ್ಚು. ಹೆಂಡತಿಯಿದ್ದರೆ ಇನ್ನೊಂದು 80. ಏಳು ವರ್ಷದೊಳಗಿನ ಪ್ರತಿ ಮಗುವಿಗೆ 16, ಹದಿನಾಲ್ಕರವರೆಗೆ 24. 1816ರಲ್ಲಿ 80 ಹೋಗಿ 100 ಆಯಿತು. ಇದೆಲ್ಲ ಕಾಗದದ ಲೆಕ್ಕ. ಹಣ ಬರಬೇಕಾದ್ದು ಮೂರು ತಿಂಗಳಿಗೊಮ್ಮೆ ಸರ್ಕ್ಯೂಟ್‌ನಲ್ಲಿ ಎತ್ತಿದ ಚಂದಾದಿಂದ. ಅದು ಕಡಿಮೆ ಬಿದ್ದರೆ ಬೋಧಕರ ಕೈಗೂ ಕಡಿಮೆಯೇ. ಮದುವೆಯಾದ ಮೇಲೆ ಎಷ್ಟೋ ಜನ ತಿರುಗಾಟ ಬಿಟ್ಟು ಬೇಸಾಯಕ್ಕೆ ನಿಂತದ್ದು ಈ ಕಾರಣಕ್ಕೆ.

ಪ್ರಶ್ನೆ: ಬೋಧಕರಾಗಲು ಯಾವ ಕಾಲೇಜು ಓದಬೇಕಿತ್ತು?
– ಓದುಗರೊಬ್ಬರು, ಹಾಸನ

ಉತ್ತರ: ಯಾವುದೂ ಬೇಡ. ಕಾರ್ಟ್‌ರೈಟ್‌ರನ್ನೇ ನೋಡಿ. 1785ರಲ್ಲಿ ಹುಟ್ಟಿದವರಿಗೆ 1802ರಲ್ಲಿ, ಹದಿನೇಳು ತುಂಬುವ ಮೊದಲೇ, ಸಭೆಯಲ್ಲಿ ಎದ್ದು ಎಚ್ಚರಿಕೆಯ ಮಾತಾಡುವ ಪರವಾನಗಿ ಸಿಕ್ಕಿತು. 1804ರಲ್ಲಿ ಸಂಚಾರಿ ಬೋಧಕ, 1806ರಲ್ಲಿ ಡೀಕನ್, 1808ರಲ್ಲಿ ಎಲ್ಡರ್. ಈ ಮೆಟ್ಟಿಲುಗಳು ಬರೀ ಬಿರುದಲ್ಲ: ಡೀಕನ್ ಆದವರು ದೀಕ್ಷಾಸ್ನಾನ ಕೊಡಬಹುದು, ಮದುವೆ ಮಾಡಿಸಬಹುದು, ಕರ್ತನ ಭೋಜನ (ಯೇಸುವಿನ ಕೊನೆಯ ಊಟವನ್ನು ನೆನೆಯುವ ವಿಧಿ) ನಡೆಸಲು ಎಲ್ಡರೇ ಬೇಕು. ಹೊಸ ಹುಡುಗನ ಸರ್ಕ್ಯೂಟ್‌ಗೆ ಬಿದ್ದ ಹಳ್ಳಿಯವರು ಇದಕ್ಕಾಗಿ ತ್ರೈಮಾಸಿಕ ಕೂಟಕ್ಕೆ ಬರುವ ಹಿರಿಯ ಎಲ್ಡರ್‌ನ ದಾರಿ ಕಾಯುತ್ತಿದ್ದರು.